ವಿದುರನ ಬೊಗಸೆಗೆ ಬಂದ ಸಸಿ

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವ ದಾರಿಯಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಊರೆಂದು ನಾಡಿಗೆಲ್ಲ ಅದರ ಪರಿಚಯ. ಸುತ್ತಲ ಸೀಮೆಯವರಿಗೆ ಮಾತ್ರ ಅದು ಅದಕ್ಕೂ ಮೊದಲಿನಿಂದ ಮಕ್ಕಳ ಫಲ ಬೇಡುವ ಜಾಗ. ದೇವಸ್ಥಾನದ ಸುತ್ತ ಸಾಲು ಸಾಲಾಗಿ ಸಾವಿರಾರು ನಾಗರಕಲ್ಲುಗಳು. ಕೆಲವು ನಿನ್ನೆ ಮೊನ್ನೆಯವು, ಅರಿಸಿನ ಕುಂಕುಮ ಇನ್ನೂ ಹಸಿಯಾಗಿದೆ. ಕೆಲವು ಎಷ್ಟು ಹಳೆಯವೆಂದರೆ ಹೆಡೆಯ ಗೆರೆಗಳೂ ಸವೆದಿವೆ.

ಒಂದೊಂದು ಕಲ್ಲಿನ ಹಿಂದೆಯೂ ಒಂದು ಮನೆಯಿದೆ. ಮದುವೆಯಾಗಿ ವರ್ಷಗಳು ಕಳೆದರೂ ತೊಟ್ಟಿಲು ಕಟ್ಟದ ಮನೆ. ಅಂಥವರು ಇಲ್ಲಿಗೆ ಬಂದು ನಾಗಪ್ರತಿಷ್ಠೆ ಮಾಡಿಸುತ್ತಾರೆ, ಒದ್ದೆ ಬಟ್ಟೆಯಲ್ಲಿ ಪ್ರದಕ್ಷಿಣೆ ಹಾಕುತ್ತಾರೆ. ಹರಕೆ ಫಲಿಸಿದರೆ ಮಗುವಿಗೆ ಅಶ್ವತ್ಥಪ್ಪ, ಅಶ್ವತ್ಥಮ್ಮ, ನಾಗರಾಜ, ನಾಗರತ್ನ ಎಂದು ಹೆಸರು. ನಮ್ಮ ಸೀಮೆಯ ಹಿರಿಯರಲ್ಲಿ ಈ ಹೆಸರಿನವರು ಇಲ್ಲದ ಹಳ್ಳಿ ಹುಡುಕುವುದು ಕಷ್ಟ.

ಇಲ್ಲಿನ ಸ್ಥಳಪುರಾಣ ಇನ್ನೊಂದು ಸಂಗತಿ ಹೇಳುತ್ತದೆ. ಕುರುಕ್ಷೇತ್ರದ ಸಾವುಗಳಿಂದ ಮನಸ್ಸು ಮುರಿದ ವಿದುರ ತೀರ್ಥಯಾತ್ರೆ ಮಾಡುತ್ತ ಮೈತ್ರೇಯ ಮುನಿಯ ಆಶ್ರಮಕ್ಕೆ ಬಂದನಂತೆ. ಒಂದು ದಿನ ಹೊಳೆಯಲ್ಲಿ ನಿಂತು ಅರ್ಘ್ಯ ಕೊಡುವಾಗ ಅವನ ಬೊಗಸೆಗೆ ಪುಟ್ಟ ಅಶ್ವತ್ಥದ ಸಸಿ ಬಂದು ಬಿತ್ತು. ಅವನು ಅದನ್ನು ನೀರಿಗೆ ಬಿಡಲಿಲ್ಲ. ಮುನಿಯ ಮಾತಿನಂತೆ ದಡದಲ್ಲಿ ನೆಟ್ಟ, ನೀರೆರೆದ. ಜನ ಪೂಜಿಸುತ್ತ ಬಂದ ಪುರಾತನ ಮರ ಅದೇ ಎಂಬ ನಂಬಿಕೆ. ಆ ಮರ 2001ರಲ್ಲಿ ಉರುಳಿತು. ಹರಕೆ ಹೊತ್ತವರ ಬರವು ನಿಂತಿಲ್ಲ.

ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದರೂ ಅದರ ಒಳಗಿನ ಮಾತು ನನಗೆ ಹೊಳೆದದ್ದು ತಡವಾಗಿ. ಮಗು ಬೇಡಿ ಬಂದವರೆಲ್ಲ ಇಷ್ಟು ಕಾಲ ಸುತ್ತು ಹಾಕಿದ್ದು ಒಂದು ಸಿಕ್ಕ ಸಸಿಗೆ. ಯಾರದೋ ಕೈಗೆ ಬಂದು, ಆ ಕೈಯ ಆರೈಕೆಯಲ್ಲಿ ಮರವಾದ ಜೀವಕ್ಕೆ. ದತ್ತು ಎನ್ನುವುದರ ಕಥೆಯೂ ಇದೇ ಅಲ್ಲವೇ?

ಸಾಕು ಎಂಬ ಮಾತು

ಕನ್ನಡದಲ್ಲಿ ‘ಸಾಕು’ ಎಂದರೆ ಸಲಹು, ಬೆಳೆಸು. ಸಾಕು ಎಂದರೆ ಇಷ್ಟೇ ಬೇಕಾದದ್ದು, ಇನ್ನು ಬೇಡ ಎಂದೂ ಹೌದು. ಹೆಣ್ಣುಮಕ್ಕಳ ಮೇಲೆ ಹೆಣ್ಣುಮಕ್ಕಳು ಹುಟ್ಟಿದಾಗ ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಟ್ಟ ಮನೆಗಳಿವೆ. ಬೇಡವೆನಿಸಿದವಳ ಹೆಸರಿನಲ್ಲೂ, ಎದೆಗವಚಿ ಬೆಳೆಸಿದ ಸಾಕುತಾಯಿಯ ಸಂಬಂಧದಲ್ಲೂ ಇರುವುದು ಒಂದೇ ಮಾತು. ಆಡುವವರ ಮನಸ್ಸಿನಂತೆ ಅದರ ಅರ್ಥ.

ನಮ್ಮ ಚಿಕ್ಕಬಳ್ಳಾಪುರ ಎರಡು ಮಾತಿನ ಜಿಲ್ಲೆ. ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಸಾಕುಮಗನಿಗೆ ಆ ಮನೆಗಳಲ್ಲಿ ‘ಪೆಂಪುಡು ಕೊಡುಕು’ ಎನ್ನುತ್ತಾರೆ, ಬೆಳೆಸಿದ ಮಗ ಎಂದು. ತೆಲುಗು ಮಾತಾಡುವ ರೆಡ್ಡಿ, ಕಮ್ಮ ಕುಟುಂಬಗಳಲ್ಲಿ ‘ಇಲ್ಲಟಂ’ ಎಂಬ ಪದ್ಧತಿಯೂ ಇತ್ತು. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನು ತಂದು ಮಗನಂತೆ ಇರಿಸಿಕೊಂಡು ಆಸ್ತಿಯಲ್ಲಿ ಪಾಲು ಕೊಡುವ ಈ ರೂಢಿಯನ್ನು ನ್ಯಾಯಾಲಯಗಳೂ ಮಾನ್ಯ ಮಾಡಿದ್ದವು. ಹಿಂದಿನ ಮಕ್ಕಳು ಉಳಿಯದೆ ಹೋದಾಗ ಹೊಸ ಕೂಸನ್ನು ಒಮ್ಮೆ ತಿಪ್ಪೆಯ ಮೇಲೆ ಮಲಗಿಸಿ, ಬಿಸಾಡಿದ ಕೂಸು ಸಿಕ್ಕಿತು ಎನ್ನುವಂತೆ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವ ರೂಢಿ ಕನ್ನಡ ನಾಡಿನಲ್ಲಿತ್ತು. ಮೃತ್ಯುವಿನ ಕಣ್ಣು ತಪ್ಪಿಸಲು, ಹೆತ್ತ ಮಗುವನ್ನೇ ಸಿಕ್ಕ ಮಗುವನ್ನಾಗಿ ಮಾಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ದಾರಿ ಕಂಡುಕೊಂಡ ಜನರ ಬಾಯಲ್ಲೇ ಇನ್ನೊಂದು ಮಾತೂ ಸಲೀಸಾಗಿ ಬರುತ್ತದೆ: ‘ಎಷ್ಟಾದ್ರೂ ಸಾಕಿದ್ದು ತಾನೇ!’ ಹುಡುಗ ಪರೀಕ್ಷೆಯಲ್ಲಿ ಫೇಲಾದರೆ, ಹುಡುಗಿ ಎದುರು ಮಾತಾಡಿದರೆ, ಮದುವೆ ಮಾತುಕತೆಗೆ ಕೂತಾಗ, ಜಮೀನು ಭಾಗವಾಗುವಾಗ, ಈ ಮಾತು ಎದ್ದು ಬರುತ್ತದೆ. ಹತ್ತು ವರ್ಷ ಕಟ್ಟಿದ ಮನೆಯ ಗೋಡೆ ಬಿರಿಯಲು ಅಷ್ಟು ಸಾಕು.

ವಂಶಕ್ಕೊಂದು ಮಗು, ಮಗುವಿಗೊಂದು ಮನೆ

ದತ್ತಕ ನಮಗೆ ಹೊಸದಲ್ಲ. ಈ ಸೀಮೆ ಸೇರಿದ್ದ ಮೈಸೂರು ಸಂಸ್ಥಾನದ ಉಳಿವೇ ಒಮ್ಮೆ ದತ್ತಕದ ಮೇಲೆ ನಿಂತಿತ್ತು. 1831ರಲ್ಲಿ ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದ ಬ್ರಿಟಿಷರು, ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಪುಟ್ಟ ಚಾಮರಾಜೇಂದ್ರನನ್ನು ದತ್ತು ಪಡೆದಾಗ ಮೊದಲು ಒಪ್ಪಲಿಲ್ಲ. 1867ರಲ್ಲಿ ಒಪ್ಪಿಗೆ ಬಂತು, ಮರುವರ್ಷ ದೊರೆ ತೀರಿಕೊಂಡರು. 1881ರಲ್ಲಿ ರಾಜ್ಯ ಮರಳಿ ಬಂದದ್ದು ಆ ದತ್ತು ಮಗನ ಕೈಗೆ. ಈಚೆಗೆ 2015ರಲ್ಲಿ ಪ್ರಮೋದಾದೇವಿ ಒಡೆಯರ್ ದತ್ತು ಪಡೆದ ಯದುವೀರರ ಪೂರ್ಣ ಹೆಸರಿನಲ್ಲಿ ‘ಕೃಷ್ಣದತ್ತ’ ಎಂಬುದೂ ಸೇರಿದೆ.

ಆ ಹಳೆಯ ದತ್ತಕದ ಗುರಿ ವಂಶ ಮತ್ತು ಪಿಂಡ. ಹಾಗಾಗಿ ದತ್ತು ಎಂದರೆ ಗಂಡುಮಗು. ಹೆಣ್ಣುಮಗುವನ್ನು ದತ್ತು ಪಡೆಯಬಹುದು, ಒಂಟಿ ಮಹಿಳೆಯೂ ತನ್ನ ಹಕ್ಕಿನಿಂದಲೇ ಪಡೆಯಬಹುದು ಎಂದು ಕಾನೂನು ಹೇಳಿದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ. ಕ್ರಮಬದ್ಧವಾಗಿ ಆದ ದತ್ತಕವನ್ನು ಯಾರೂ ರದ್ದು ಮಾಡಲಾಗದು ಎಂದೂ ಅದು ಹೇಳಿತು. ‘ಬೇಡವೆನಿಸಿದರೆ ವಾಪಸು ಕಳಿಸು’ ಎನ್ನುವ ನೆಂಟರಿಗೆ ಇದೊಂದೇ ಉತ್ತರ ಸಾಕು.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬಹುಕಾಲ ಸಿಗುತ್ತಿದ್ದದ್ದು 1890ರ ಕಾಯ್ದೆಯಡಿ ಪಾಲಕತ್ವ ಮಾತ್ರ. ಮಗು ಜೊತೆಗಿರುತ್ತಿತ್ತು, ಕಾಗದದಲ್ಲಿ ಮಗುವಾಗುತ್ತಿರಲಿಲ್ಲ. ಬಾಲನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ದತ್ತಿನ ಬಾಗಿಲು ತೆರೆಯಿತು. ಅದನ್ನು 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆದಾರನಿಗೂ ಚಿಂತಾಮಣಿಯ ಟೊಮೆಟೊ ಬೆಳೆಗಾರನಿಗೂ ಈಗ ಒಂದೇ ಸಾಲು, ಒಂದೇ ಅರ್ಜಿ.

ಆ ಸಾಲು ಉದ್ದವಿದೆ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ, 2024–25ರಲ್ಲಿ ದಾಖಲಿಸಿದ ದತ್ತುಗಳು 4,515. ಅದರಲ್ಲಿ 4,155 ದೇಶದೊಳಗಿನವು. ಕಾಯುತ್ತಿರುವ ಕುಟುಂಬಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಈಚಿನ ವರ್ಷಗಳಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳೇ ಹೆಚ್ಚಾಗಿ ಮನೆ ಸೇರುತ್ತಿದ್ದಾರೆ. ಸಾಕಮ್ಮ ಎಂಬ ಹೆಸರಿನ ಅರ್ಥ ಅಷ್ಟರಮಟ್ಟಿಗೆ ತಿರುಗಿದೆ ಎಂದು ನಾನು ಸಂತೋಷಪಡುತ್ತೇನೆ. ಹೆಣ್ಣುಕೂಸುಗಳನ್ನೇ ಹೆಚ್ಚಾಗಿ ಬಿಟ್ಟುಹೋಗುವ ನೋವೂ ಆ ಲೆಕ್ಕದ ಹಿಂದೆ ಇದೆ ಎಂಬುದನ್ನು ಮರೆಯಲಾರೆ.

ಸಾಲು ಉದ್ದವಿರುವುದು ಎಳೆಗೂಸುಗಳಿಗೆ. ಎಂಟು–ಹತ್ತು ವರ್ಷದವರು, ಬೇರೆಯಾಗಲೊಲ್ಲದ ಅಣ್ಣ–ತಂಗಿ, ಅಂಗವೈಕಲ್ಯವಿರುವ ಮಕ್ಕಳು ಇನ್ನೊಂದು ಕಡೆ ಕಾಯುತ್ತಾರೆ. ಕಾರಾದ ಅಧ್ಯಕ್ಷರೂ ಆಗಿದ್ದ ಬೆಂಗಳೂರಿನ ವೈದ್ಯೆ ಡಾ. ಅಲೋಮಾ ಲೋಬೊ, ಸ್ವಂತ ಮಕ್ಕಳಿದ್ದೂ, ಚರ್ಮ ಒಣಗಿ ಬಿರಿಯುವ ಅಪರೂಪದ ಕಾಯಿಲೆಯ ಹೆಣ್ಣುಕೂಸನ್ನು ಮಗಳಾಗಿಸಿಕೊಂಡರು. ಆ ತಾಯಿ–ಮಗಳ ಬದುಕು 2018ರಲ್ಲಿ ಜಾಹೀರಾತೊಂದರ ಮೂಲಕ ದೇಶಕ್ಕೆಲ್ಲ ಪರಿಚಯವಾಯಿತು. ನೋಡಿ ಕಣ್ಣೊರೆಸಿಕೊಂಡವರಲ್ಲಿ ಕೆಲವರಾದರೂ ದತ್ತು ಅರ್ಜಿಯಲ್ಲಿ ಅಂಥ ಮಕ್ಕಳ ಕಾಲಂಗೆ ಗುರುತು ಹಾಕಿದ್ದರೆ ಆ ಕಣ್ಣೀರು ಸಾರ್ಥಕ.

ತೊಟ್ಟಿಲಿನಿಂದ ಮಡಿಲಿಗೆ

ಮಗು ಪೊದೆಯಲ್ಲಿ ಸಿಕ್ಕಿತು, ಬಸ್ ನಿಲ್ದಾಣದಲ್ಲಿ ಸಿಕ್ಕಿತು ಎಂಬ ಸುದ್ದಿ ಓದುತ್ತೇವೆ. ಓದಿದವರು ಮೊದಲು ಬಯ್ಯುವುದು ತಾಯಿಯನ್ನು. ಕಾನೂನು ಅವಳನ್ನು ನಮಗಿಂತ ಮೃದುವಾಗಿ ನೋಡುತ್ತದೆ. ಸಾಕಲಾಗದ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ಮರಳಿ ಪಡೆಯಲು ಎರಡು ತಿಂಗಳ ಕಾಲಾವಕಾಶವಿದೆ. 1098ಕ್ಕೆ ಒಂದು ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಬಿಟ್ಟುಹೋಗುವುದು ಬೇರೆ, ಒಪ್ಪಿಸುವುದು ಬೇರೆ. ಮುಂದೊಂದು ದಿನ ಆ ಮಗು ತನ್ನ ಕಥೆ ಕೇಳುವಾಗ ಈ ಎರಡು ಕ್ರಿಯಾಪದಗಳ ನಡುವಿನ ದೂರ ಬಹಳ ದೊಡ್ಡದಾಗಿರುತ್ತದೆ.

ಯಾರೂ ಹುಡುಕಿ ಬಾರದ ಎರಡು ವರ್ಷದೊಳಗಿನ ಮಗುವನ್ನು, ವಿಚಾರಣೆ ಮುಗಿಸಿ, ಎರಡು ತಿಂಗಳೊಳಗೆ ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಎಂದು ಸಮಿತಿ ಘೋಷಿಸಬೇಕು. ದೊಡ್ಡ ಮಕ್ಕಳಿಗೆ ನಾಲ್ಕು ತಿಂಗಳು. ದತ್ತು ಕೇಳುವವರ ಮನೆಗೆ ಸಮಾಜ ಕಾರ್ಯಕರ್ತರು ಬಂದು ನೋಡುತ್ತಾರೆ. ಎರಡು ವರ್ಷದೊಳಗಿನ ಕೂಸು ಬೇಕಾದರೆ ಗಂಡ ಹೆಂಡಿರ ವಯಸ್ಸು ಕೂಡಿಸಿ 85 ದಾಟಬಾರದು. ಮೊದಲು ಆದೇಶಕ್ಕಾಗಿ ನ್ಯಾಯಾಲಯದಲ್ಲಿ ಕಾಯಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾಧಿಕಾರಿಗೆ ಬಂದಿದೆ. ಖಾತೆ, ಪಹಣಿ, ಬರ ಪರಿಹಾರದ ಕಡತಗಳ ನಡುವೆ ಒಂದು ಸಹಿ ಬಿದ್ದು ಒಂದು ಮಗುವಿಗೆ ಅಪ್ಪ ಅಮ್ಮ ಸಿಗುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಅವರ ಹೆಸರೇ ಬರುತ್ತದೆ. ಆಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಎಂದು ವಿಚಾರಿಸುತ್ತಾರೆ.

ಇಷ್ಟು ದಾರಿ ಏಕೆ, ಆಸ್ಪತ್ರೆಯಲ್ಲೇ ಮಾತಾಡಿ ಬಾಂಡ್ ಪೇಪರಿನಲ್ಲಿ ಬರೆಸಿಕೊಂಡರಾಯಿತು ಎನ್ನುವವರು ಇಂದಿಗೂ ಇದ್ದಾರೆ. ಯಾರದೋ ಕೂಸನ್ನು ಹಾಗೆ ಪಡೆಯುವುದು ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಶಿಕ್ಷೆಗಿಂತ ದೊಡ್ಡ ನಷ್ಟ ಮಗುವಿನದು. ಕದ್ದುಮುಚ್ಚಿ ಬಂದ ಮಗುವಿನ ಹುಟ್ಟಿನ ಸುಳಿವೆಲ್ಲ ಅಲ್ಲೇ ಅಳಿಸಿಹೋಗುತ್ತದೆ. ಮುಂದೆ ಅದು ಕೇಳಿದಾಗ ತೆರೆದು ತೋರಿಸಲು ಒಂದು ಕಡತವೂ ಇರುವುದಿಲ್ಲ.

ಈ ದಾರಿಯಲ್ಲಿ ನಾವು ಎಣಿಸದೆ ಬಿಡುವ ಒಬ್ಬಳಿದ್ದಾಳೆ. ರೇಷ್ಮೆ ಬೆಳೆಯುವ ನಮ್ಮವರಿಗೆ ಚಾಕಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮೊಟ್ಟೆಯೊಡೆದ ಹುಳು ಎರಡನೇ ಜ್ವರ, ಅಂದರೆ ಎರಡನೇ ಪೊರೆ, ಕಳೆಯುವವರೆಗೆ ಚಾಕಿ ಕಟ್ಟುವವರ ಬೆಚ್ಚನೆಯ ಕೋಣೆಯಲ್ಲಿರುತ್ತದೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಆಮೇಲೆ ರೈತ ಮನೆಗೆ ಒಯ್ಯುತ್ತಾನೆ. ಚಾಕಿ ಕೆಟ್ಟರೆ ಬೆಳೆ ಕೆಟ್ಟಿತು ಎನ್ನುವುದು ಬೆಳೆಗಾರರಿಗೆಲ್ಲ ಗೊತ್ತು. ದತ್ತು ಕೇಂದ್ರದ ಆಯಾಗಳು ಮಾಡುವುದು ಇಂಥದೇ ಕೆಲಸ. ಹೆತ್ತವಳು ಹೋದ ಮೇಲೆ, ಸಾಕುವವಳು ಬರುವ ಮುಂಚೆ, ರಾತ್ರಿಯೆಲ್ಲ ಎದೆಗೊರಗಿಸಿಕೊಂಡು ತಟ್ಟುವವರು ಅವರು. ಮಗು ಮೊದಲ ಸಲ ನಕ್ಕದ್ದು ಅವರನ್ನು ನೋಡಿ. ಹೊಸ ಅಪ್ಪ ಅಮ್ಮ ಬಂದ ದಿನ ಹಣೆಗೆ ದೃಷ್ಟಿಬೊಟ್ಟಿಟ್ಟು ಕೈಗೆ ಕೊಟ್ಟುಬಿಡುತ್ತಾರೆ. ಮಗುವಿನ ಕಥೆಯಲ್ಲಿ ಅವರಿಗೂ ಒಂದು ಸಾಲು ಸಲ್ಲಬೇಕು.

ಹೇಳುವ ಹೊತ್ತು

‘ಅಮ್ಮ, ನಾನು ನಿನ್ನ ಹೊಟ್ಟೆಯಲ್ಲಿ ಇದ್ನಾ?’ ಯಾವ ಮಗುವಾದರೂ ಒಂದು ದಿನ ಈ ಪ್ರಶ್ನೆ ಕೇಳುತ್ತದೆ. ದತ್ತು ಪಡೆದ ತಾಯಿಗೆ ಆ ಕ್ಷಣ ಎದೆ ಝಲ್ಲೆನ್ನುತ್ತದೆ. ಹೇಳಿದರೆ ದೂರವಾಗುತ್ತದೇನೋ, ದೊಡ್ಡವನಾದ ಮೇಲೆ ಹೇಳೋಣ, ಮದುವೆಯಾಗಲಿ ಎಂದು ಮುಂದೂಡುತ್ತಾರೆ. ಊರನ್ನೇ ಬದಲಾಯಿಸಿದವರಿದ್ದಾರೆ. ಅವರ ಹೆದರಿಕೆ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಗುಟ್ಟು ಮನೆಯಲ್ಲಿ ಉಳಿಯುವುದಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲೋ, ಜಗಳದ ನಡುವೆಯೋ ಯಾರದೋ ಬಾಯಿಂದ ಹೊರಬೀಳುತ್ತದೆ. ಆಗ ಮಗುವಿಗೆ ನೋವಾಗುವುದು ದತ್ತು ಬಂದೆ ಎಂಬುದಕ್ಕಿಂತ, ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ ಎಂಬುದಕ್ಕೆ.

ಇದರ ದೊಡ್ಡ ಕಥೆಯನ್ನು ನಾವು ತಲೆಮಾರುಗಳಿಂದ ಗಮಕದಲ್ಲಿ, ಬಯಲಾಟದಲ್ಲಿ ಕೇಳಿ ಅತ್ತಿದ್ದೇವೆ. ಕರ್ಣ ಹೊಳೆಯಲ್ಲಿ ತೇಲಿ ಬಂದ. ಅಧಿರಥ ಎತ್ತಿಕೊಂಡ, ರಾಧೆ ಸಾಕಿದಳು. ರಾಧೇಯ ಎನಿಸಿಕೊಳ್ಳಲು ಅವನಿಗೆ ಎಂದೂ ನಾಚಿಕೆಯಾಗಲಿಲ್ಲ. ಅವನ ದುರಂತ ಸಾಕಿದ ಮನೆಯಲ್ಲಿರಲಿಲ್ಲ. ಹುಟ್ಟಿನ ಕಥೆ ಅವನಿಗೆ ತಲುಪಿದ ಹೊತ್ತಿನಲ್ಲಿತ್ತು. ಯುದ್ಧ ಖಚಿತವಾದ ಮೇಲೆ, ಅವನನ್ನು ಪಕ್ಷ ಬದಲಿಸಲೆಂದು ಕೃಷ್ಣ ಹೇಳಿದ. ಐದು ಮಕ್ಕಳ ಪ್ರಾಣ ಉಳಿಸಿಕೊಳ್ಳಲೆಂದು ಕುಂತಿ ಹೇಳಿದಳು. ಅವನಿಗೆ ಸೇರಬೇಕಾದ ಸತ್ಯವನ್ನು ಅವನಿಗಾಗಿ ಯಾರೂ ಹೇಳಲಿಲ್ಲ.

ಅದನ್ನು ಹೇಳಿದ ಕೃಷ್ಣನೂ ಸಾಕುಮಗನೇ. ಅವನನ್ನು ದೇವಕಿನಂದನ ಎಂದೂ ಕರೆಯುತ್ತೇವೆ, ಯಶೋದೆಯ ಕಂದ ಎಂದೂ ಹಾಡುತ್ತೇವೆ. ಒಂದು ಹೆಸರು ಇನ್ನೊಂದನ್ನು ಸುಳ್ಳು ಮಾಡಿಲ್ಲ. ಕರ್ಣನಿಗೂ ಅವನಿಗೂ ಇರುವ ಅಂತರ ಇಷ್ಟೇ: ಒಬ್ಬನ ಎರಡು ಹೆಸರುಗಳನ್ನೂ ಜಗತ್ತು ಬಾಯ್ತುಂಬ ಕರೆಯಿತು, ಇನ್ನೊಬ್ಬನ ಒಂದು ಹೆಸರನ್ನು ಮುಚ್ಚಿಟ್ಟಿತು.

ಅದಕ್ಕೇ, ಮಾತು ಕಲಿಯುವ ವಯಸ್ಸಿನಲ್ಲೇ ಮಲಗುವ ಹೊತ್ತಿನ ಕಥೆಯಾಗಿ ಹೇಳಿ ಎನ್ನುತ್ತಾರೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು. ‘ನೀನು ಇನ್ನೊಬ್ಬಮ್ಮನ ಹೊಟ್ಟೆಯಲ್ಲಿದ್ದೆ. ಅವಳಿಗೆ ಸಾಕೋಕೆ ಆಗಲಿಲ್ಲ. ನಾವು ನಿನಗೋಸ್ಕರ ಕಾಯ್ತಾ ಇದ್ವಿ.’ ಕಥೆಗಾಗಿ ಕಾಡುವ ವಯಸ್ಸಿನಲ್ಲಿ ಕೇಳಿದ್ದು ಆಘಾತವಾಗುವುದಿಲ್ಲ. ಮಗು ನೂರು ಸಲ ಅದನ್ನೇ ಹೇಳಿಸಿಕೊಳ್ಳುತ್ತದೆ.

ದೂರ ಹೋದವರು

ಬೆಂಗಳೂರಿನಿಂದ ಯುರೋಪು, ಅಮೆರಿಕಕ್ಕೆ ದತ್ತು ಹೋದ ಮಕ್ಕಳಲ್ಲಿ ಎಷ್ಟೋ ಜನ ಈಗ ನಡುವಯಸ್ಸಿನವರು. ಅವರು ಹೋದ ಕಾಲದಲ್ಲಿ ನಿಯಮಗಳು ಸಡಿಲವಾಗಿದ್ದವು. ವಿದೇಶಿಯರು ಪಾಲಕತ್ವದ ಆದೇಶ ಪಡೆದು ಮಗುವನ್ನು ಒಯ್ದು, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಮಕ್ಕಳ ಸಾಗಣೆಯ ದುರುಪಯೋಗಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಪತ್ರವೇ ಅರ್ಜಿಯಾಯಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ನೀಡಿದ ತೀರ್ಪು ಕಟ್ಟುನಿಟ್ಟಿನ ಮಾರ್ಗಸೂಚಿ ಹಾಕಿಕೊಟ್ಟಿತು. 1990ರಲ್ಲಿ ಕಾರಾ ಹುಟ್ಟಿದ್ದು ಆ ಹಾದಿಯಲ್ಲೇ. 2003ರಲ್ಲಿ ಭಾರತ ಹೇಗ್ ಒಪ್ಪಂದವನ್ನು ಅನುಮೋದಿಸಿತು.

ಹಾಗೆ ಹೋದವರಲ್ಲಿ ಕೆಲವರು ಮರಳಿ ಬರುತ್ತಾರೆ. ಕೈಯಲ್ಲಿ ಹಳೆಯ ಫೋಟೊ, ಅನಾಥಾಲಯದ ರಿಜಿಸ್ಟರಿನ ಒಂದು ಸಾಲು. ನಮ್ಮದೇ ಮುಖ, ನಮ್ಮ ಮಾತು ಬಾರದ ಬಾಯಿ. ಆಟೊದವರು ಕನ್ನಡದಲ್ಲಿ ಮಾತಾಡಿಸಿದರೆ ಉತ್ತರ ಕೊಡಲಾಗದೆ ಕಣ್ಣು ತುಂಬಿಕೊಳ್ಳುತ್ತಾರೆ. ಅಲ್ಲಿ ‘ನೀನು ಯಾವ ದೇಶದವಳು’ ಎಂದು ಕೇಳಿಸಿಕೊಂಡವರು ಇಲ್ಲಿಯೂ ಅದನ್ನೇ ಕೇಳಿಸಿಕೊಳ್ಳುತ್ತಾರೆ. 18 ತುಂಬಿದ ದತ್ತು ವ್ಯಕ್ತಿ ತನ್ನ ಮೂಲದ ಮಾಹಿತಿಗಾಗಿ ತಾನೇ ಅರ್ಜಿ ಹಾಕಬಹುದು. ಹೆತ್ತವರು ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರೆ ಅವರ ಒಪ್ಪಿಗೆ ಬೇಕು. ಯಾವುದೋ ಹಳ್ಳಿಯಲ್ಲಿ, ಗಂಡನಿಗೂ ಹೇಳದೆ ಆ ಭಾರವನ್ನು ಹೊತ್ತು ಮುದುಕಿಯಾಗಿರುವ ತಾಯಿಯನ್ನು ನೆನೆದರೆ ಈ ನಿಯಮ ಅರ್ಥವಾಗುತ್ತದೆ. ಸಾವಿರಾರು ಮೈಲಿ ದಾಟಿ ಬಂದು ಬಾಗಿಲಾಚೆ ನಿಂತ ಮಗಳನ್ನು ನೆನೆದರೆ ಅದು ಚುಚ್ಚುತ್ತದೆ. ಎರಡೂ ನಿಜ.

ಹುಡುಕಿ ಬಂದವರನ್ನು ಕಂಡು ‘ಸಾಕಿದವರು ಪ್ರೀತಿ ಕೊಡಲಿಲ್ಲವೇನೋ’ ಎನ್ನುತ್ತೇವೆ. ಹಾಗಲ್ಲ. ನೆರಳು ಕೊಡುವ ಮರವೂ ಬೇರನ್ನು ಕೆಳಗಿಳಿಸುತ್ತಲೇ ಇರುತ್ತದೆ. ಮೂಲ ಹುಡುಕುವುದು ಮನೆಯನ್ನು ನಿರಾಕರಿಸಿದಂತಲ್ಲ.

ಎರಡು ಮಾತಿನ ಸೀಮೆ

ಈ ಸಂಗತಿ ಬೇರೆಯವರಿಗಿಂತ ಸುಲಭವಾಗಿ ನಮಗೆ ಅರ್ಥವಾಗಬೇಕು. ಅವ್ವನೊಡನೆ ತೆಲುಗಿನಲ್ಲಿ ಜಗಳವಾಡಿ, ಕನ್ನಡದಲ್ಲಿ ಪರೀಕ್ಷೆ ಬರೆದು ಬೆಳೆದವರು ನಾವು. ನಿನ್ನದು ಯಾವ ಭಾಷೆ, ಒಂದನ್ನೇ ಹೇಳು ಎಂದರೆ ತಬ್ಬಿಬ್ಬಾಗುತ್ತೇವೆ. ಕೈವಾರದ ಸಂತ ತಾತಯ್ಯ ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಅವರು ಯಾರವರು ಎಂದು ಇಲ್ಲಿ ಯಾರೂ ಕೇಳಲಿಲ್ಲ, ನಮ್ಮ ತಾತ ಅಂದರು. ಚಿಕ್ಕಬಳ್ಳಾಪುರ ಜಿಲ್ಲೆಯೇ ಹುಟ್ಟಿದ್ದು 2007ರಲ್ಲಿ, ಕೋಲಾರದಿಂದ ಬೇರೆಯಾಗಿ. ಅದಕ್ಕೆ ಮೊದಲು ಹುಟ್ಟಿದವರ ಪ್ರಮಾಣಪತ್ರದಲ್ಲಿ ಕೋಲಾರ ಜಿಲ್ಲೆ ಎಂದೇ ಇದೆ. ಹುಟ್ಟಿದ್ದು ಅಲ್ಲಿ, ಸೇರಿದ್ದು ಇಲ್ಲಿ. ಅದರಿಂದ ಯಾರ ನಿದ್ದೆಯೂ ಕೆಟ್ಟಿಲ್ಲ.

ಎರಡು ಮಾತನ್ನು ಒಂದೇ ನಾಲಿಗೆಯಲ್ಲಿ ಇಟ್ಟುಕೊಂಡವರಿಗೆ, ಎರಡು ತಾಯಂದಿರನ್ನು ಒಂದೇ ಎದೆಯಲ್ಲಿ ಇಟ್ಟುಕೊಂಡ ಮಗು ಒಗಟಾಗಬಾರದು. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳುವ ಮೇಷ್ಟರು, ಅದಕ್ಕೆ ಎರಡು ಬೇರು ಬರೆದ ಮಗುವಿನ ತಲೆ ನೇವರಿಸಲಿ. ನಾಡಕಚೇರಿಯಲ್ಲಿ ವಂಶವೃಕ್ಷದ ಪ್ರಮಾಣಪತ್ರ ಕೊಡುವಾಗ ದತ್ತುಮಗಳ ಹೆಸರು ತಾನಾಗಿ ಬರಲಿ, ನೆಂಟರ ಒಪ್ಪಿಗೆಗೆ ಕಾಯದಿರಲಿ. ‘ನಿಜವಾದ ಅಪ್ಪ ಅಮ್ಮ ಯಾರು’ ಎಂಬ ಪ್ರಶ್ನೆ ನಮ್ಮ ಜಗಲಿಗಳಿಂದ ಮರೆಯಾಗಲಿ. ‘ಎಂಥ ಪುಣ್ಯದ ಕೆಲಸ ಮಾಡಿದಿರಿ’ ಎಂಬ ಹೊಗಳಿಕೆಯೂ ಬೇಡ. ಮಗುವನ್ನು ಎದುರಿಗಿಟ್ಟುಕೊಂಡು ಹಾಗೆಂದರೆ, ತಾನು ಆ ಮನೆಯ ಋಣಿ ಎಂದು ಅದು ತಿಳಿಯುತ್ತದೆ. ಸ್ವಂತ ಮನೆಯಲ್ಲಿ ಮಗುವಿಗೆ ಋಣವಿಲ್ಲ.

ಮೊನ್ನೆ ಮತ್ತೆ ಆ ನಾಗರಕಲ್ಲುಗಳ ನಡುವೆ ನಡೆಯುವಾಗ ಊರಿನ ಹೆಸರನ್ನೇ ಎರಡು ಸಲ ಹೇಳಿಕೊಂಡೆ. ವಿದುರ ಮತ್ತು ಅಶ್ವತ್ಥ. ಮೊದಲನೆಯದು ಎತ್ತಿಕೊಂಡು ನೆಟ್ಟು ನೀರೆರೆದವನ ಹೆಸರು. ಎರಡನೆಯದು ಆ ಸಸಿ ತಾನು ಹುಟ್ಟಿದ ಕುಲದಿಂದ ತಂದ ಹೆಸರು. ಜನ ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಲಿಲ್ಲ. ಎರಡನ್ನೂ ಸೇರಿಸಿ ಕರೆದರು. ಮರ ಉರುಳಿದ ಮೇಲೂ ಊರು ಆ ಹೆಸರಿನಲ್ಲೇ ಉಳಿದಿದೆ.